ಕಡಲಡಿಯ ಉಸಿರು: ಮದ್ರಾಸ್ ಕರಾವಳಿ ಕಂಡ ಯುದ್ಧಕಾಲದ ಜಲಾಂತರ್ಗಾಮಿಗಳು

1914ರ ಸೆಪ್ಟೆಂಬರ್ 22ರ ಬೆಳಿಗ್ಗೆ ಉತ್ತರ ಸಮುದ್ರದಲ್ಲಿ ಯು-9 ಎಂಬ ಜರ್ಮನಿಯ ಪುಟ್ಟ ಜಲಾಂತರ್ಗಾಮಿಯೊಂದು ಬ್ರಿಟನ್ನಿನ ಅಬೂಕಿರ್, ಹೋಗ್, ಕ್ರೆಸ್ಸಿ ಎಂಬ ಮೂರು ಯುದ್ಧನೌಕೆಗಳನ್ನು ಒಂದೂವರೆ ಗಂಟೆಯೊಳಗೆ ಮುಳುಗಿಸಿತು. ಸುಮಾರು 1,450 ನಾವಿಕರು ಸತ್ತರು. ಅದೇ ದಿನ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಜರ್ಮನಿಯದೇ ಆದ ಎಂಡನ್ ನೌಕೆ ಮದ್ರಾಸ್ ಬಂದರಿನ ಎದುರು ಬಂದು ನಿಂತು, ಬರ್ಮಾ ಆಯಿಲ್ ಕಂಪನಿಯ ತೈಲದ ತೊಟ್ಟಿಗಳಿಗೆ ಗುಂಡು ಹೊಡೆದು ಬೆಂಕಿ ಹಚ್ಚಿತು. ಎಂಡನ್ ನೀರಿನ ಮೇಲೆ ಸಾಗುವ ಕ್ರೂಸರ್ ಆಗಿತ್ತು. ಮದ್ರಾಸಿನ ಜನರ ನೆನಪಿನಲ್ಲಿ ಉಳಿದದ್ದು ಅದೇ. ಆದರೆ ಕಡಲ ಯುದ್ಧದ ರೀತಿಯನ್ನೇ ಬದಲಿಸಿದ್ದು ಆ ಬೆಳಗಿನ ಯು-9.

ಎರಡನೇ ಮಹಾಯುದ್ಧದ ಹೊತ್ತಿಗೆ ಅಂಥ ನೌಕೆಗಳು ಬಂಗಾಳ ಕೊಲ್ಲಿಗೂ ಬಂದವು. ಪೆನಾಂಗಿನಿಂದ ಹೊರಟ ಜಪಾನಿನ ಜಲಾಂತರ್ಗಾಮಿಗಳು ಕೊಲಂಬೊ, ಮದ್ರಾಸ್, ಕಲ್ಕತ್ತಾ ನಡುವಿನ ಹಡಗುದಾರಿಯಲ್ಲಿ ಹೊಂಚು ಹಾಕಿದವು. 1971ರಲ್ಲಿ, ಅದೇ ಮಹಾಯುದ್ಧಕ್ಕೆಂದು ಅಮೆರಿಕ ಕಟ್ಟಿದ್ದ ಹಳೆಯ ನೌಕೆಯೊಂದು ಪಾಕಿಸ್ತಾನದ ಗಾಜಿ ಎಂಬ ಹೆಸರಿನಲ್ಲಿ ಮದ್ರಾಸಿನ ಕಡಲಿಗೆ ಬಂತು. ಇವುಗಳ ಕಥೆಯನ್ನು ಮುಳುಗಿಸಿದ ಹಡಗುಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಒಳಗಿದ್ದವರ ಲೆಕ್ಕವೇ ಬೇರೆ. ಅವರನ್ನು ಮೊದಲು ಕಾಡಿದ್ದು ಗಾಳಿ, ಬ್ಯಾಟರಿ, ನೀರಿನ ಒತ್ತಡ ಮತ್ತು ತಪ್ಪಾಗಿ ತಿರುಗಿಸಿದ ಒಂದು ಕವಾಟ. ಶತ್ರು ಬರುತ್ತಿದ್ದುದು ಆಮೇಲೆ.

ಮುಳುಗಬಲ್ಲ ದೋಣಿ

ಯುದ್ಧದಲ್ಲಿ ಶತ್ರುನೌಕೆಯನ್ನು ಮುಳುಗಿಸಿದ ಮೊದಲ ಜಲಾಂತರ್ಗಾಮಿ ಅಮೆರಿಕದ ಅಂತರ್ಯುದ್ಧ ಕಾಲದ ಹನ್ಲೆ. ಸುಮಾರು 12 ಮೀಟರ್ ಉದ್ದದ ಈ ಕಬ್ಬಿಣದ ಕೊಳವೆಯಲ್ಲಿ ಎಂಟು ಮಂದಿ ಇಕ್ಕಟ್ಟಿನಲ್ಲಿ ಕೂತು, ಕೈಯಿಂದಲೇ ಹಿಡಿ ತಿರುಗಿಸಿ ಅದನ್ನು ನಡೆಸಬೇಕಿತ್ತು. ಪರೀಕ್ಷೆಯ ವೇಳೆಯಲ್ಲೇ ಅದು ಎರಡು ಸಲ ಮುಳುಗಿ 13 ಮಂದಿಯನ್ನು ಬಲಿ ತೆಗೆದುಕೊಂಡಿತ್ತು. 1864ರ ಫೆಬ್ರುವರಿ 17ರ ರಾತ್ರಿ ಅದು ಹೌಸಟಾನಿಕ್ ಎಂಬ ನೌಕೆಯನ್ನು ಮುಳುಗಿಸಿತು. ಆದರೆ ತಾನೂ ಮರಳಲಿಲ್ಲ. ಒಟ್ಟು 21 ಮಂದಿ ಸತ್ತರು. ಅವರಲ್ಲಿ 13 ಮಂದಿಯ ಸಾವಿಗೆ ಶತ್ರುವಿನ ಗುಂಡು ಕಾರಣವಾಗಿರಲಿಲ್ಲ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟನ್ ಕಟ್ಟಿಸಿದ ಹಾಲೆಂಡ್ ಹಾಗೂ ಎ ವರ್ಗದ ನೌಕೆಗಳು ಪೆಟ್ರೋಲಿನಿಂದ ಓಡುತ್ತಿದ್ದವು. ಮುಚ್ಚಿದ ಉಕ್ಕಿನ ಗೂಡಿನಲ್ಲಿ ಪೆಟ್ರೋಲಿನ ಆವಿ ತುಂಬಿಕೊಂಡರೆ ಒಂದು ಕಿಡಿ ಸಾಕು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಗುರುತಿಸಲು ನಾವಿಕರು ಬಿಳಿ ಇಲಿಗಳನ್ನು ಜೊತೆಗೆ ಒಯ್ಯುತ್ತಿದ್ದರು. ಇಲಿ ತೂಕಡಿಸಿದರೆ ಮನುಷ್ಯನಿಗೂ ಹೊತ್ತು ಮೀರುತ್ತಿದೆ ಎಂದರ್ಥ. 1904ರ ಮಾರ್ಚ್‌ನಲ್ಲಿ ಎ-1 ನೌಕೆ ಮುಳುಗಿದ ಸ್ಥಿತಿಯಲ್ಲಿದ್ದಾಗ ಬರ್ವಿಕ್ ಕ್ಯಾಸಲ್ ಎಂಬ ಪ್ರಯಾಣಿಕರ ಹಡಗು ಅದರ ಮೇಲೆ ಹಾದುಹೋಗಿ, ಒಳಗಿದ್ದ 11 ಮಂದಿಯೂ ಸತ್ತರು. ಹಡಗಿನವರಿಗೆ ಏನೋ ತಾಗಿದ್ದಷ್ಟೇ ತಿಳಿದಿತ್ತು.

ಡೀಸೆಲ್ ಎಂಜಿನ್ ಬಂದ ಮೇಲೆ ಜಲಾಂತರ್ಗಾಮಿ ನಂಬಬಹುದಾದ ಆಯುಧವಾಯಿತು. ಆದರೂ ಎರಡೂ ಮಹಾಯುದ್ಧಗಳ ಕಾಲದ ನೌಕೆಗಳನ್ನು ನೀರಿನಡಿಯ ಹಡಗು ಎನ್ನುವುದಕ್ಕಿಂತ ಮುಳುಗಬಲ್ಲ ದೋಣಿ ಎನ್ನುವುದೇ ಸರಿ. ಡೀಸೆಲ್ ಉರಿಯಲು ಗಾಳಿ ಬೇಕು. ಆದ್ದರಿಂದ ಅವು ಹೆಚ್ಚಿನ ಹೊತ್ತು ನೀರಿನ ಮೇಲೆಯೇ ಓಡುತ್ತಿದ್ದವು. ಶತ್ರು ಕಂಡಾಗ ಮಾತ್ರ ಬ್ಯಾಲಾಸ್ಟ್ ಟ್ಯಾಂಕುಗಳಿಗೆ ನೀರು ತುಂಬಿಸಿಕೊಂಡು ಮುಳುಗುತ್ತಿದ್ದವು. ಮುಳುಗಿದೊಡನೆ ಡೀಸೆಲ್ ನಿಲ್ಲುತ್ತದೆ, ಬ್ಯಾಟರಿಯಿಂದ ನಡೆಯುವ ವಿದ್ಯುತ್ ಮೋಟಾರು ಶುರುವಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಅತಿ ಹೆಚ್ಚು ಸಂಖ್ಯೆಯಲ್ಲಿ ಕಟ್ಟಿದ ಟೈಪ್ 7ಸಿ ನೌಕೆಯ ವೇಗ ನೀರಿನ ಮೇಲೆ ಸುಮಾರು 17 ನಾಟ್, ನೀರಿನಡಿ ಏಳೂವರೆ. 4 ನಾಟ್ ವೇಗದಲ್ಲಿ ನಿಧಾನವಾಗಿ ಸಾಗಿದರೂ ಸುಮಾರು 80 ನಾಟಿಕಲ್ ಮೈಲಿಗೆ ಬ್ಯಾಟರಿ ಬರಿದಾಗುತ್ತಿತ್ತು. ಆಮೇಲೆ ಮೇಲೆ ಬರಲೇಬೇಕು, ಅಲ್ಲಿ ಶತ್ರು ಕಾದಿದ್ದರೂ ಸರಿ. ಈ ಒಂದು ಕಟ್ಟುಪಾಡೇ ಒಳಗಿನವರ ಊಟ, ನಿದ್ರೆ, ಮಾತು ಎಲ್ಲವನ್ನೂ ನಿರ್ಧರಿಸುತ್ತಿತ್ತು.

ಒಳಗಿನ ಬದುಕು

ಟೈಪ್ 7ಸಿ ನೌಕೆಯಲ್ಲಿ 44ರಿಂದ 52 ಮಂದಿ ಇರುತ್ತಿದ್ದರು. ವಾಸಕ್ಕೆಂದು ಪ್ರತ್ಯೇಕ ಜಾಗವಿರಲಿಲ್ಲ. ಯಂತ್ರಗಳ ನಡುವೆ ಮಿಕ್ಕ ಜಾಗದಲ್ಲಿ ಮನುಷ್ಯರು ಇರಬೇಕಿತ್ತು. ಮುಂಭಾಗದ ಟಾರ್ಪಿಡೊ ಕೋಣೆಯೇ ಬಹುಪಾಲು ನಾವಿಕರ ಮಲಗುವ ಕೋಣೆ. ಮಂಚಗಳು ಆಳುಗಳಿಗಿಂತ ಕಡಿಮೆ. ಪಹರೆ ಮುಗಿಸಿ ಬಂದವನು, ಪಹರೆಗೆ ಎದ್ದುಹೋದವನ ಮೈಬಿಸಿ ಇನ್ನೂ ಆರದ ಹಾಸಿಗೆಯಲ್ಲೇ ಮಲಗುತ್ತಿದ್ದ. ಸಿಹಿನೀರು ಕುಡಿಯಲು ಮತ್ತು ಅಡುಗೆಗೆ ಮಾತ್ರ. ವಾರಗಟ್ಟಲೆ ಸ್ನಾನವಿಲ್ಲ, ಕ್ಷೌರವಿಲ್ಲ, ಬಟ್ಟೆ ಬದಲಿಸುವುದೂ ಅಪರೂಪ. ಡೀಸೆಲ್, ಬೆವರು, ಅಡುಗೆ, ತಳದಲ್ಲಿ ನಿಂತ ಕೊಳೆನೀರು ಎಲ್ಲ ಬೆರೆತ ವಾಸನೆ ಬಟ್ಟೆಗೂ ಕೂದಲಿಗೂ ಅಂಟಿಕೊಂಡು ಹೋಗುತ್ತಲೇ ಇರಲಿಲ್ಲ.

ಹೊರಡುವಾಗ ತಿಂಗಳುಗಳಿಗೆ ಸಾಲುವಷ್ಟು ಆಹಾರವನ್ನು ಸಿಕ್ಕ ಸಂದಿಗಳಲ್ಲೆಲ್ಲ ತುರುಕುತ್ತಿದ್ದರು. ಪೈಪುಗಳಿಂದ ಮಾಂಸದ ತುಂಡುಗಳು ನೇತಾಡುತ್ತಿದ್ದವು. ಎರಡು ಶೌಚಾಲಯಗಳಲ್ಲಿ ಒಂದನ್ನು ಉಗ್ರಾಣ ಮಾಡಿಕೊಂಡು, ಉಳಿದ ಒಂದೇ ಒಂದನ್ನು ಐವತ್ತು ಮಂದಿ ಬಳಸುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ತಾಜಾ ತರಕಾರಿ ಮುಗಿದು, ಬ್ರೆಡ್ಡಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಹೊರಪದರ ಕಿತ್ತೆಸೆದು ಒಳಗಿನದನ್ನು ತಿನ್ನುತ್ತಿದ್ದರು.

ಶೌಚಾಲಯವನ್ನು ಬಳಸುವುದೂ ಕಲಿಯಬೇಕಾದ ಕೆಲಸವಾಗಿತ್ತು. ಹೊರಗಿನ ನೀರಿನ ಒತ್ತಡ ಒಳಗಿನದಕ್ಕಿಂತ ಹೆಚ್ಚಿರುವುದರಿಂದ ಕವಾಟಗಳನ್ನು ನಿಗದಿತ ಕ್ರಮದಲ್ಲೇ ತೆರೆದು ಮುಚ್ಚಬೇಕು. 1945ರ ಏಪ್ರಿಲ್ 14ರಂದು ಸ್ಕಾಟ್ಲೆಂಡ್ ಕರಾವಳಿಯ ಬಳಿ ಯು-1206ರಲ್ಲಿ ಈ ವ್ಯವಸ್ಥೆ ಕೆಟ್ಟು ಸಮುದ್ರದ ನೀರು ಒಳನುಗ್ಗಿತು. ನೀರು ಕೆಳಗಿದ್ದ ಬ್ಯಾಟರಿಗಳಿಗೆ ಬಿದ್ದು ವಿಷಕಾರಿ ಕ್ಲೋರಿನ್ ಅನಿಲ ಎದ್ದಿತು. ನೌಕೆ ಮೇಲೆ ಬರದೆ ಬೇರೆ ದಾರಿಯಿರಲಿಲ್ಲ. ಬಂದೊಡನೆ ವಿಮಾನದ ಕಣ್ಣಿಗೆ ಬಿತ್ತು. ಕೊನೆಗೆ ಸಿಬ್ಬಂದಿಯೇ ಅದನ್ನು ಮುಳುಗಿಸಿ ಹೊರಬೀಳಬೇಕಾಯಿತು.

ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿಯ ಕಾಟವಾದರೆ ಹಿಂದೂ ಮಹಾಸಾಗರದಲ್ಲಿ ಬಿಸಿಲಿನ ಕಾಟ. ಬೆಚ್ಚನೆಯ ಕಡಲಲ್ಲಿ ಮುಳುಗಿದ ನೌಕೆಯ ಒಳಗೆ ಸೆಖೆ ಇಳಿಯುವುದೇ ಇಲ್ಲ. ಎಂಜಿನ್ ಕೋಣೆಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಉಸಿರಿನ ತೇವ ಉಕ್ಕಿನ ಗೋಡೆಗೆ ತಾಗಿ ಹನಿಯಾಗಿ ಮೈಮೇಲೆ ಇಳಿಯುತ್ತಿತ್ತು. ಬೆವರುಸಾಲೆ, ಹುಣ್ಣು, ಚರ್ಮರೋಗ ಯಾರನ್ನೂ ಬಿಡುತ್ತಿರಲಿಲ್ಲ.

ಗಾಳಿ ಮತ್ತು ಬ್ಯಾಟರಿ

ಮುಳುಗಿದ ಕ್ಷಣದಿಂದ ಒಳಗಿನ ಗಾಳಿ ಕೆಡಲು ಶುರುವಾಗುತ್ತದೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ 0.04ರಷ್ಟು. ಮುಚ್ಚಿದ ನೌಕೆಯಲ್ಲಿ ಅದು ಶೇ 3 ದಾಟಿದರೆ ತಲೆ ಸಿಡಿಯುತ್ತದೆ, ಉಸಿರು ಏರುತ್ತದೆ, ಲೆಕ್ಕ ತಪ್ಪುತ್ತದೆ. ಇನ್ನೂ ಏರಿದರೆ ಪ್ರಜ್ಞೆಯೇ ಹೋಗುತ್ತದೆ. ಇದನ್ನು ಹೀರಿಕೊಳ್ಳಲು ಸೋಡಾ ಲೈಮ್‌ನಂಥ ರಾಸಾಯನಿಕವನ್ನು ಹರಡುತ್ತಿದ್ದರು. ಕೆಲಸವಿಲ್ಲದವರು ಅಲ್ಲಾಡದೆ ಮಲಗಿರಬೇಕೆಂದು ಆಜ್ಞೆಯಾಗುತ್ತಿತ್ತು. ಮಾತು ಕಡಿಮೆ, ನಡೆದಾಟವಿಲ್ಲ, ಬೀಡಿ ಸಿಗರೇಟು ಕೂಡದು. ಒಬ್ಬೊಬ್ಬನ ಉಸಿರೂ ಎಲ್ಲರ ಪಾಲಿನಿಂದ ಖರ್ಚಾಗುವಂಥದು.

ಗಾಳಿ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಥೆಟಿಸ್ ನೌಕೆಯ ದುರಂತ ಸಾಕ್ಷಿ. 1939ರ ಜೂನ್ 1ರಂದು ಲಿವರ್‌ಪೂಲ್ ಕೊಲ್ಲಿಯಲ್ಲಿ ಅದರ ಪರೀಕ್ಷಾ ಯಾನ ನಡೆದಿತ್ತು. ಕಾರ್ಖಾನೆಯ ಕೆಲಸಗಾರರೂ ಸೇರಿ ಒಳಗಿದ್ದವರು 103 ಮಂದಿ, ಮಾಮೂಲಿಗಿಂತ ಸುಮಾರು ಎರಡು ಪಟ್ಟು. ಟಾರ್ಪಿಡೊ ಕೊಳವೆಯಲ್ಲಿ ನೀರಿದೆಯೇ ಎಂದು ನೋಡುವ ಸಣ್ಣ ತೂತೊಂದು ಬಣ್ಣದಿಂದ ಮುಚ್ಚಿಹೋಗಿತ್ತು. ನೀರು ಹೊರಬರದ್ದರಿಂದ ಕೊಳವೆ ಬರಿದಾಗಿದೆಯೆಂದು ಭಾವಿಸಿ ಒಳಬಾಗಿಲು ತೆರೆದರು. ಹೊರಬಾಗಿಲು ತೆರೆದೇ ಇತ್ತು, ಕಡಲು ಒಳನುಗ್ಗಿತು. ನೌಕೆಯ ಮೂತಿ ತಳಕ್ಕೆ ಕಂತಿ, ಬಾಲ ನೀರಿನ ಮೇಲೆ ಕಾಣುತ್ತಿತ್ತು. ನಾಲ್ವರಷ್ಟೇ ಹೊರಬಂದರು. ಉಳಿದ 99 ಮಂದಿ ಸತ್ತರು, ಬಹುಪಾಲು ಮಂದಿ ಕೆಟ್ಟ ಗಾಳಿಯಿಂದ. ಅದಕ್ಕೆ ಕೆಲವೇ ದಿನ ಮೊದಲು ಅಮೆರಿಕದ ಸ್ಕ್ವಾಲಸ್ ಮುಳುಗಿದಾಗ ಉಕ್ಕಿನ ಗಂಟೆಯಾಕಾರದ ಕೋಣೆಯೊಂದನ್ನು ಕೆಳಗಿಳಿಸಿ 33 ಮಂದಿಯನ್ನು ಮೇಲೆತ್ತಿದ್ದರು. 26 ಮಂದಿಗೆ ಆ ಸೌಭಾಗ್ಯವಿರಲಿಲ್ಲ.

ಗಾಳಿಯ ಜೊತೆಗೇ ಬರುವ ಇನ್ನೊಂದು ಕಂಟಕ ಬ್ಯಾಟರಿ. ನೌಕೆಯ ತಳದಲ್ಲಿ ಸಾಲಾಗಿ ಜೋಡಿಸಿದ ಸೀಸ ಮತ್ತು ಆಮ್ಲದ ಸೆಲ್ಲುಗಳೇ ಅದರ ಜೀವ. ಚಾರ್ಜ್ ಮಾಡುವಾಗ ಅವು ಜಲಜನಕವನ್ನು ಹೊರಸೂಸುತ್ತವೆ. ಗಾಳಿಯಲ್ಲಿ ಜಲಜನಕ ಶೇ 4ರಷ್ಟಾದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ; ಪ್ರಮಾಣ ಏರಿದಂತೆ ಸ್ಫೋಟದ ಬಲವೂ ಏರುತ್ತದೆ. ಅದಕ್ಕಾಗಿ ಫ್ಯಾನುಗಳು ಅನಿಲವನ್ನು ಸದಾ ಹೊರಗೆಳೆಯುತ್ತಿರಬೇಕು. ಶತ್ರುವಿನ ಭಯದಿಂದ ಚಾರ್ಜಿಂಗ್ ಅವಸರದಲ್ಲಿ ನಡೆದಾಗ, ಫ್ಯಾನು ಕೆಟ್ಟಾಗ, ಅರ್ಧ ಚಾರ್ಜಿಗೇ ಮುಳುಗಬೇಕಾದಾಗ ಆ ಅನಿಲ ಒಳಗೇ ಉಳಿಯುತ್ತದೆ. ಬ್ಯಾಟರಿಗೆ ಉಪ್ಪುನೀರು ಸೋಕಿದರೆ ಕ್ಲೋರಿನ್, ಚಾರ್ಜ್ ಅತಿಯಾದರೆ ಜಲಜನಕ. ನೌಕೆಗೆ ನೀರಿನಡಿ ಚಲಿಸುವ ಶಕ್ತಿ ಕೊಡುವ ವಸ್ತುವೇ ಹೀಗೆ ಎರಡು ಬಗೆಯಲ್ಲಿ ಅದನ್ನು ಕೊಲ್ಲಬಲ್ಲದು.

ಒತ್ತಡ, ಸದ್ದು, ಸ್ಫೋಟ

ಕಡಲಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. 100 ಮೀಟರ್ ಆಳದಲ್ಲಿ ನೌಕೆಯ ಮೈಯ ಪ್ರತಿ ಚದರ ಮೀಟರಿನ ಮೇಲೂ ಸುಮಾರು 100 ಟನ್ ಭಾರ. ಉಕ್ಕಿನ ತಗಡು ಕಿರುಗುಟ್ಟುವುದು, ಬೋಲ್ಟುಗಳು ಸಿಡಿಯುವುದು, ಕೀಲುಗಳಿಂದ ನೀರು ಚಿಮ್ಮುವುದು ಆಳಕ್ಕಿಳಿದವರಿಗೆಲ್ಲ ಗೊತ್ತಿದ್ದ ಸದ್ದುಗಳು.

ಆಳದಲ್ಲಿ ಅಡಗಿದ ನೌಕೆಯನ್ನು ಹುಡುಕಲು ಮೇಲಿನ ಹಡಗು ಶಬ್ದದ ಅಲೆಯನ್ನು ಕಳಿಸಿ ಅದರ ಪ್ರತಿಧ್ವನಿಗೆ ಕಿವಿಗೊಡುತ್ತದೆ. ಜಾಗ ಗೊತ್ತಾದ ಮೇಲೆ ಡೆಪ್ತ್ ಚಾರ್ಜ್ ಎಂಬ ಸ್ಫೋಟಕದ ಪೀಪಾಯಿಗಳನ್ನು ಉರುಳಿಸುತ್ತದೆ. ನೀರಿನ ಒತ್ತಡದಿಂದ ಕೆಲಸ ಮಾಡುವ ಅದರ ಕೀಲಿ, ಮೊದಲೇ ನಿಗದಿ ಮಾಡಿದ ಆಳದಲ್ಲಿ ಅದನ್ನು ಸಿಡಿಸುತ್ತದೆ. ಕೆಲವೇ ಮೀಟರ್ ಹತ್ತಿರ ಸಿಡಿದರೆ ನೌಕೆಯ ಮೈ ಸೀಳುತ್ತದೆ. ದೂರದಲ್ಲಿ ಸಿಡಿದರೂ ದೀಪಗಳು ಒಡೆದು, ಮಾಪಕಗಳ ಗಾಜು ಚೂರಾಗಿ, ಪೈಪುಗಳು ಬಿರಿಯುತ್ತವೆ. ಆ ಹೊತ್ತಿನಲ್ಲಿ ಒಳಗಿನವರಿಗೆ ಇದ್ದ ರಕ್ಷಣೆ ಮೌನವೊಂದೇ. ಫ್ಯಾನು ನಿಲ್ಲಿಸಿ, ಪಂಪು ನಿಲ್ಲಿಸಿ, ಬೂಟು ಕಳಚಿ, ಪಿಸುಮಾತಿನಲ್ಲಿ ಆಜ್ಞೆ ಕೊಡುತ್ತ ಗಂಟೆಗಟ್ಟಲೆ ಕಾಯಬೇಕು. ಫ್ಯಾನು ನಿಂತ ಮೇಲೆ ಗಾಳಿ ಇನ್ನೂ ಬೇಗ ಕೆಡುತ್ತದೆ.

ಬಂಗಾಳ ಕೊಲ್ಲಿಯ ನೀರಿಗೆ ತನ್ನದೇ ಗುಣವಿದೆ. ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣಾ ನದಿಗಳು ಸುರಿಯುವ ಸಿಹಿನೀರಿನಿಂದ ಅದರ ಮೇಲ್ಪದರದಲ್ಲಿ ಉಪ್ಪು ಕಡಿಮೆ. ಉಪ್ಪು ಕಡಿಮೆಯಾದರೆ ನೀರಿನ ಸಾಂದ್ರತೆ ಕುಗ್ಗಿ, ನೌಕೆ ಇದ್ದಕ್ಕಿದ್ದಂತೆ ಭಾರವಾಗಿ ಕೆಳಗಿಳಿಯುತ್ತದೆ. ಉಪ್ಪುನೀರಿಗೆ ಬಂದರೆ ಹಗುರಾಗಿ ಮೇಲೇಳುತ್ತದೆ. ಟ್ಯಾಂಕುಗಳ ನೀರನ್ನು ಸರಿತೂಗಿಸುತ್ತಲೇ ಇರಬೇಕು. ಇದೇ ಪದರಗಳು ಶಬ್ದದ ಅಲೆಯನ್ನು ಬಾಗಿಸುವುದರಿಂದ ಹುಡುಕುವವರಿಗೆ ನೌಕೆ ಸಿಗದೆ ಹೋಗುವುದೂ ಉಂಟು. ನೌಕೆಯನ್ನು ಕೆಳಗೆಳೆಯುವ ನೀರೇ ಅದನ್ನು ಮರೆಮಾಡುವುದೂ ಹೌದು.

ತನ್ನದೇ ಆಯುಧದಿಂದ ಸತ್ತ ನೌಕೆಗಳೂ ಇವೆ. 1944ರ ಅಕ್ಟೋಬರ್ 25ರಂದು ಅಮೆರಿಕದ ಟ್ಯಾಂಗ್ ಹಾರಿಸಿದ ಕೊನೆಯ ಟಾರ್ಪಿಡೊ ದಾರಿ ತಪ್ಪಿ, ವೃತ್ತಾಕಾರದಲ್ಲಿ ತಿರುಗಿ ಬಂದು ಅದೇ ನೌಕೆಗೆ ಬಡಿಯಿತು. 78 ಮಂದಿ ಸತ್ತರು, ಒಂಬತ್ತು ಮಂದಿ ಉಳಿದರು.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳಲ್ಲಿ ಕಡಲಿಗಿಳಿದ ಸುಮಾರು 40,000 ಮಂದಿಯಲ್ಲಿ ನಾಲ್ಕರಲ್ಲಿ ಮೂವರು ಮರಳಲಿಲ್ಲ. ಗೆದ್ದ ಅಮೆರಿಕವೂ 52 ಜಲಾಂತರ್ಗಾಮಿಗಳನ್ನು ಮತ್ತು ಸುಮಾರು 3,500 ನಾವಿಕರನ್ನು ಕಳೆದುಕೊಂಡಿತು.

ಪೆನಾಂಗಿನಿಂದ ಬಂದವರು

1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ಟ್ರಿಂಕೋಮಲೀ, ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದಾಗ ಮದ್ರಾಸ್ ನಗರ ಅರ್ಧ ಖಾಲಿಯಾಯಿತು. ಸರ್ಕಾರಿ ಕಚೇರಿಗಳು ಒಳನಾಡಿನ ಊರುಗಳಿಗೆ ಸ್ಥಳಾಂತರಗೊಂಡವು. ವಿಮಾನಗಳು ಮರಳಿದರೂ ಜಲಾಂತರ್ಗಾಮಿಗಳ ಕಾಟ ನಿಲ್ಲಲಿಲ್ಲ. ಮಲಯಾದ ಪೆನಾಂಗ್ ಅವುಗಳ ನೆಲೆಯಾಯಿತು; 1943ರಲ್ಲಿ ಜರ್ಮನಿಯ ಯು-ದೋಣಿಗಳೂ ಅಲ್ಲಿಗೆ ಬಂದವು. ಕೊಲ್ಲಿಯಲ್ಲಿ ಹಡಗುಗಳು ಒಂಟಿಯಾಗಿ ಸಾಗುವುದನ್ನು ಬಿಟ್ಟು, ಬೆಂಗಾವಲಿನೊಂದಿಗೆ ಗುಂಪಾಗಿ ಹೊರಡಬೇಕಾಯಿತು.

1944ರ ಫೆಬ್ರುವರಿ 11ರಂದು ಕೊಲಂಬೊದಿಂದ ಕಲ್ಕತ್ತಾಗೆ ಹೊರಟ ಅಂಥ ಒಂದು ಗುಂಪಿನ ಮೇಲೆ ಆರ್‌ಒ-110 ಎಂಬ ಜಪಾನೀ ಜಲಾಂತರ್ಗಾಮಿ ವಿಶಾಖಪಟ್ಟಣದ ದಕ್ಷಿಣಕ್ಕೆ ಎರಗಿ, ಅಸ್ಫಾಲಿಯನ್ ಎಂಬ ಬ್ರಿಟಿಷ್ ಹಡಗಿಗೆ ಟಾರ್ಪಿಡೊ ಹೊಡೆಯಿತು. ಆರ್‌ಒ-110 ಸುಮಾರು 60 ಮೀಟರ್ ಉದ್ದದ ಸಣ್ಣ ನೌಕೆ. ಟಾರ್ಪಿಡೊ ಕೊಳವೆಗಳು ನಾಲ್ಕೇ, ಸುರಕ್ಷಿತವಾಗಿ ಇಳಿಯಬಹುದಾದ ಆಳ ಸುಮಾರು 75 ಮೀಟರ್. ಬೆಂಗಾವಲಿಗಿದ್ದ ರಾಯಲ್ ಇಂಡಿಯನ್ ನೇವಿಯ ಜಮ್ನಾ ಮತ್ತು ಆಸ್ಟ್ರೇಲಿಯಾದ ಇಪ್ಸ್‌ವಿಚ್, ಲಾನ್ಸೆಸ್ಟನ್ ನೌಕೆಗಳು ಅದನ್ನು ಬೆನ್ನಟ್ಟಿ ಡೆಪ್ತ್ ಚಾರ್ಜುಗಳಿಂದ ಮುಳುಗಿಸಿದವು. ಅದರೊಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ಪೆನಾಂಗಿನ ಜಲಾಂತರ್ಗಾಮಿಗಳು ಟಾರ್ಪಿಡೊ ಜೊತೆಗೆ ಮನುಷ್ಯರನ್ನೂ ಹೊತ್ತು ತಂದವು. ಅಲ್ಲಿನ ಸ್ವರಾಜ್ ಇನ್‌ಸ್ಟಿಟ್ಯೂಟ್‌ನಲ್ಲಿ ತರಬೇತಿ ಪಡೆದ ಭಾರತೀಯ ಯುವಕರನ್ನು ಬ್ರಿಟಿಷರ ವಿರುದ್ಧ ಗುಪ್ತ ಕೆಲಸಕ್ಕೆಂದು ಜಪಾನೀಯರು ಭಾರತದ ತೀರಕ್ಕೆ ಕಳಿಸಿದರು. 1942ರ ಸೆಪ್ಟೆಂಬರ್ 27ರಂದು ಒಂದು ತಂಡ ಮಲಬಾರಿನ ತಾನೂರಿನ ಬಳಿ ರಬ್ಬರ್ ದೋಣಿಯಲ್ಲಿ ದಡ ಸೇರಿತು. ತಾನೂರು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮಂಗಳೂರು, ಕಾಸರಗೋಡುಗಳೂ ಅದೇ ಪ್ರಾಂತ್ಯದ ಊರುಗಳು. ದಿನಗಟ್ಟಲೆ ಕತ್ತಲ ಕೊಳವೆಯಲ್ಲಿ ಬಂದವರು ಬೇಗನೆ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಬೇರೆ ದಾರಿಗಳಿಂದ ಬಂದ ಸಂಗಾತಿಗಳೊಂದಿಗೆ ಅವರ ವಿಚಾರಣೆ ಮದ್ರಾಸಿನಲ್ಲಿ ನಡೆಯಿತು. ವಕ್ಕಂ ಅಬ್ದುಲ್ ಖಾದರ್, ಅನಂತನ್ ನಾಯರ್, ಸತ್ಯೇಂದ್ರ ಚಂದ್ರ ಬರ್ಧನ್ ಮತ್ತು ಫೌಜಾ ಸಿಂಗ್ ಅವರನ್ನು 1943ರ ಸೆಪ್ಟೆಂಬರ್ 10ರಂದು ಮದ್ರಾಸಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಖಾದರ್ ಅವರಿಗೆ ಆಗ 26 ವರ್ಷ. ಸೆಂಟ್ರಲ್ ರೈಲು ನಿಲ್ದಾಣದ ಹತ್ತಿರವಿದ್ದ ಆ ಹಳೆಯ ಸೆರೆಮನೆಯನ್ನು 2009ರಲ್ಲಿ ಕೆಡವಿ, ಜಾಗವನ್ನು ಮದ್ರಾಸ್ ಮೆಡಿಕಲ್ ಕಾಲೇಜಿನ ವಿಸ್ತರಣೆಗೆ ಬಳಸಲಾಯಿತು.

ನೇತಾಜಿಯ ಯಾನ

ಯುದ್ಧಕಾಲದ ಜಲಾಂತರ್ಗಾಮಿಯಲ್ಲಿ ಪ್ರಯಾಣಿಸಿದ ಭಾರತೀಯರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಸುಭಾಷ್‌ಚಂದ್ರ ಬೋಸ್ ಅವರದು. 1943ರ ಫೆಬ್ರುವರಿ 9ರಂದು ಅವರು ಅಬಿದ್ ಹಸನ್ ಅವರೊಂದಿಗೆ ಜರ್ಮನಿಯ ಕೀಲ್ ಬಂದರಿನಿಂದ ಯು-180ರಲ್ಲಿ ಹೊರಟರು. ಆ ನೌಕೆಗೆ ವೇಗದ ದೋಣಿಗಳಿಗೆಂದು ತಯಾರಿಸಿದ ಆರು ಡೀಸೆಲ್ ಎಂಜಿನ್‌ಗಳಿದ್ದವು. ಅವು ವಿಪರೀತ ಬಿಸಿಯಾಗಿ ಹೊಗೆ ಕಾರುತ್ತಿದ್ದವು. ಕಂಬಳಿಗೂ ಬ್ರೆಡ್ಡಿಗೂ ಹತ್ತಿದ್ದ ಡೀಸೆಲ್ ವಾಸನೆಯನ್ನು ಹಸನ್ ಮುಂದೆ ನೆನಪಿಸಿಕೊಂಡಿದ್ದಾರೆ. ನೌಕೆಯ ಉಗ್ರಾಣದಲ್ಲಿ ಅಕ್ಕಿ, ಬೇಳೆ ಸಿಕ್ಕಾಗ ಅವರು ಖಿಚಡಿ ಮಾಡಿದರು. ಬೋಸ್ ಅದನ್ನು ಜರ್ಮನ್ ಅಧಿಕಾರಿಗಳೊಂದಿಗೂ ಹಂಚಿಕೊಂಡರು. ಆ ಇಕ್ಕಟ್ಟಿನಲ್ಲೇ ಅವರು ಬರವಣಿಗೆ, ಭಾಷಣದ ಸಿದ್ಧತೆ ನಡೆಸಿದರು.

ಏಪ್ರಿಲ್ 18ರಂದು ಯು-180 ಆಫ್ರಿಕದ ದಕ್ಷಿಣದಲ್ಲಿ ಕಾರ್ಬಿಸ್ ಎಂಬ ಬ್ರಿಟಿಷ್ ತೈಲದ ಹಡಗನ್ನು ಮುಳುಗಿಸಿತು. ತಿಂಗಳ ಕೊನೆಯಲ್ಲಿ ಮಡಗಾಸ್ಕರ್‌ನ ಆಗ್ನೇಯಕ್ಕೆ ಜಪಾನಿನ ಐ-29ರೊಂದಿಗೆ ಭೇಟಿಯಾಯಿತು. ಕಡಲು ಕೆರಳಿದ್ದರಿಂದ ಕಾದು, ಕಡೆಗೆ ಬೋಸ್ ಮತ್ತು ಹಸನ್ ರಬ್ಬರ್ ತೆಪ್ಪದಲ್ಲಿ ಅಲೆಗಳಿಗೆ ಮೈ ನೆನೆಸಿಕೊಂಡು ಒಂದು ನೌಕೆಯಿಂದ ಇನ್ನೊಂದಕ್ಕೆ ದಾಟಿದರು. ಮೇ ತಿಂಗಳ ಮೊದಲಲ್ಲಿ ಸುಮಾತ್ರದ ತುದಿಯ ಸಬಾಂಗ್ ತಲುಪಿದರು. ಮರುವರ್ಷ, 1944ರ ಜುಲೈ 26ರಂದು, ಐ-29 ಅನ್ನು ಅಮೆರಿಕದ ಸಾಫಿಶ್ ಮುಳುಗಿಸಿತು. ಆಗಸ್ಟ್‌ನಲ್ಲಿ ಯು-180 ಬಿಸ್ಕೆ ಕೊಲ್ಲಿಯಲ್ಲಿ 56 ಮಂದಿಯೊಂದಿಗೆ ಕಣ್ಮರೆಯಾಯಿತು. ಬೋಸ್ ಅವರನ್ನು ಹೊತ್ತ ಎರಡೂ ನೌಕೆಗಳು ಆ ಭೇಟಿಯ ನಂತರ ಒಂದೂವರೆ ವರ್ಷವೂ ಬಾಳಲಿಲ್ಲ.

ಗಾಜಿ

ಪಾಕಿಸ್ತಾನದ ಗಾಜಿ ಹುಟ್ಟಿದ್ದು ಅಮೆರಿಕದ ಪೋರ್ಟ್ಸ್‌ಮತ್ ನೌಕಾ ಕಾರ್ಖಾನೆಯಲ್ಲಿ, ಡಯಾಬ್ಲೊ ಎಂಬ ಹೆಸರಿನಲ್ಲಿ. 1944ರ ಡಿಸೆಂಬರ್ 1ರಂದು ನೀರಿಗಿಳಿದು, 1945ರ ಮಾರ್ಚ್ 31ರಂದು ಸೇವೆಗೆ ಸೇರಿತು. ಉದ್ದ 95 ಮೀಟರ್, ಟಾರ್ಪಿಡೊ ಕೊಳವೆಗಳು ಹತ್ತು. 1964ರಲ್ಲಿ ಅದನ್ನು ಗುತ್ತಿಗೆಗೆ ಪಡೆದ ಪಾಕಿಸ್ತಾನ, ದಕ್ಷಿಣ ಏಷ್ಯಾದಲ್ಲೇ ಮೊದಲು ಜಲಾಂತರ್ಗಾಮಿ ಹೊಂದಿದ ದೇಶವಾಯಿತು.

1971ರ ನವೆಂಬರ್ 14ರಂದು ಗಾಜಿ, ಕಮಾಂಡರ್ ಜಾಫರ್ ಮುಹಮ್ಮದ್ ಖಾನ್ ಅವರ ನಾಯಕತ್ವದಲ್ಲಿ, ಕರಾಚಿಯಿಂದ ಹೊರಟು ಸಿಲೋನ್ ಸುತ್ತಿ ಬಂಗಾಳ ಕೊಲ್ಲಿಗೆ ಬಂತು. ಅದರ ಗುರಿ ಭಾರತದ ವಿಮಾನವಾಹಕ ನೌಕೆ ವಿಕ್ರಾಂತ್. ನವೆಂಬರ್ 23ರ ಹೊತ್ತಿಗೆ ಅದು ಮದ್ರಾಸಿನ ಕಡಲಲ್ಲಿ ಹುಡುಕಾಟ ನಡೆಸಿತ್ತು. ವಿಕ್ರಾಂತ್ ಆಗಲೇ ಮದ್ರಾಸ್ ಬಿಟ್ಟು ಅಂಡಮಾನ್ ಕಡೆಗೆ ಹೋಗಿಯಾಗಿತ್ತು. ಜಲಾಂತರ್ಗಾಮಿಗಳಿಗೆ ಬೇಕಾಗುವ ಒಂದು ಬಗೆಯ ಎಣ್ಣೆಯನ್ನು ಕೇಳಿ ಚಿತ್ತಗಾಂಗ್‌ಗೆ ಹೋದ ರೇಡಿಯೊ ಸಂದೇಶವೊಂದು ಭಾರತದ ಕೈಗೆ ಸಿಕ್ಕಿದ್ದರಿಂದ, ಗಾಜಿ ಬಂದಿರುವ ಸುಳಿವು ನೌಕಾಪಡೆಗೆ ತಿಳಿದಿತ್ತು. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಉಪಾಯವೊಂದನ್ನು ಹೂಡಿದರು. ರಾಜಪೂತ್ ಎಂಬ ಹಳೆಯ ನೌಕೆಯನ್ನು ವಿಶಾಖಪಟ್ಟಣದ ಕಡಲಿಗೆ ಕಳಿಸಿ, ವಿಕ್ರಾಂತ್ ಅಲ್ಲೇ ಇದೆಯೆಂದು ನಂಬಿಸುವಂಥ ಸಂದೇಶಗಳನ್ನು ಅದರಿಂದ ಕೊಡಿಸಿದರು. ವಿಕ್ರಾಂತ್‌ನಂಥ ದೊಡ್ಡ ನೌಕೆಗೆ ಬೇಕಾಗುವಷ್ಟು ದಿನಸಿಗೂ ಬಂದರಿನಲ್ಲಿ ಬೇಡಿಕೆ ಹೋಯಿತು.

ಡಿಸೆಂಬರ್ 3 ಕಳೆದು 4 ಶುರುವಾದ ನಡುರಾತ್ರಿ ವಿಶಾಖಪಟ್ಟಣದ ಬಂದರಿನ ಹೊರಗೆ ಭಾರಿ ಸ್ಫೋಟ ಕೇಳಿಸಿತು. ಅದೇ ಹೊತ್ತಿಗೆ ಬಂದರಿನಿಂದ ಹೊರಬಿದ್ದ ರಾಜಪೂತ್ ಅನುಮಾನ ಬಂದ ಕಡೆ ಡೆಪ್ತ್ ಚಾರ್ಜುಗಳನ್ನು ಹಾಕಿತ್ತು. ಬೆಳಗಾದ ಮೇಲೆ ನೀರಿನಲ್ಲಿ ತೇಲುವ ಅವಶೇಷಗಳು ಮೀನುಗಾರರ ಕಣ್ಣಿಗೆ ಬಿದ್ದವು. ನೌಕಾಪಡೆಯ ಮುಳುಗುಗಾರರು ಇಳಿದು ಅದು ಗಾಜಿಯೆಂದು ಖಚಿತಪಡಿಸಿದರು. ತೊಂಬತ್ತಕ್ಕೂ ಹೆಚ್ಚು ಮಂದಿ ಅದರೊಳಗೆ ಸತ್ತಿದ್ದರು.

ಗಾಜಿ ಮುಳುಗಿದ ಕಾರಣದ ಬಗ್ಗೆ ಮೂರು ವಾದಗಳಿವೆ. ರಾಜಪೂತ್‌ನ ಡೆಪ್ತ್ ಚಾರ್ಜುಗಳೇ ಕಾರಣವೆಂಬುದು ಭಾರತೀಯ ನೌಕಾಪಡೆಯ ನಿಲುವು. ತಾನೇ ಇಟ್ಟ ನೆಲಬಾಂಬಿನಂಥ ಕಡಲಬಾಂಬಿಗೆ ತಾನೇ ತಗುಲಿತೆಂಬುದು ಪಾಕಿಸ್ತಾನದ ವಾದ. ಒಳಗೆ ಜಲಜನಕ ಸೇರಿಕೊಂಡು ಸ್ಫೋಟವಾಗಿ, ಮುಂಭಾಗದಲ್ಲಿದ್ದ ಟಾರ್ಪಿಡೊಗಳು ಸಿಡಿದವೆಂದು ಹೇಳುವವರು ಎರಡೂ ಕಡೆ ಇದ್ದಾರೆ. ಮೂರರಲ್ಲಿ ಎರಡು ವಾದಗಳ ಪ್ರಕಾರ ಗಾಜಿಯನ್ನು ಕೊಂದದ್ದು ಅದು ತಾನೇ ಹೊತ್ತು ತಂದ ವಸ್ತು. ಇಪ್ಪತ್ತಾರು ವರ್ಷ ಹಳೆಯ ನೌಕೆ, ದೂರದ ಕಡಲು, ಮೂರು ವಾರಗಳ ಗುಪ್ತ ಯಾನ: ಇಂಥ ಕಡೆ ಬ್ಯಾಟರಿಯ ಅಪಾಯವನ್ನು ಅಲ್ಲಗಳೆಯುವುದು ಕಷ್ಟ. 2024ರ ಫೆಬ್ರುವರಿಯಲ್ಲಿ ಭಾರತೀಯ ನೌಕಾಪಡೆಯ ಆಳಸಮುದ್ರ ರಕ್ಷಣಾ ವಾಹನವು ವಿಶಾಖಪಟ್ಟಣದ ತೀರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಅದರ ಅವಶೇಷವನ್ನು ಗುರುತಿಸಿತು. ಅಲ್ಲಿ ಸತ್ತವರ ಗೌರವಾರ್ಥ ನೌಕಾಪಡೆ ಅದನ್ನು ಕದಲಿಸಲಿಲ್ಲ.

ಭಾರತದ ದಳ ಮತ್ತು ಉಳಿದ ಪಾಠ

ಭಾರತದ ಮೊದಲ ಜಲಾಂತರ್ಗಾಮಿ ಕಲ್ವರಿ 1967ರ ಡಿಸೆಂಬರ್ 8ರಂದು ಸೋವಿಯತ್ ಒಕ್ಕೂಟದ ರೀಗಾದಲ್ಲಿ ಸೇವೆಗೆ ಸೇರಿತು. ಖಂಡೇರಿ, ಕರಂಜ್, ಕುರ್ಸುರಾ ಆಮೇಲೆ ಬಂದವು. ಫಾಕ್ಸ್‌ಟ್ರಾಟ್ ವರ್ಗದ ಈ ನೌಕೆಗಳ ಉದ್ದ ಸುಮಾರು 91 ಮೀಟರ್. ಮೂರು ಡೀಸೆಲ್ ಎಂಜಿನ್, ಮೂರು ವಿದ್ಯುತ್ ಮೋಟಾರು, 448 ಬ್ಯಾಟರಿ ಸೆಲ್ಲು, ಹತ್ತು ಟಾರ್ಪಿಡೊ ಕೊಳವೆ, ಸುಮಾರು 75 ಮಂದಿ. ಕುರ್ಸುರಾ 1971ರ ಯುದ್ಧದಲ್ಲಿ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿತ್ತು. ಅದೇ ವರ್ಗದ ವಾಗ್ಲಿ 2010ರಲ್ಲಿ ನಿವೃತ್ತಿಯಾದ ಮೇಲೆ ಅದನ್ನು ಮಾಮಲ್ಲಪುರದಲ್ಲಿ ವಸ್ತುಸಂಗ್ರಹಾಲಯವಾಗಿಸುವ ಯೋಜನೆ ಹಾಕಿ ಚೆನ್ನೈಗೆ ತಂದರೂ ಯೋಜನೆ ಕೈಗೂಡಲಿಲ್ಲ.

ಯಂತ್ರಗಳು ಎಷ್ಟೋ ಸುಧಾರಿಸಿವೆ, ಅಪಾಯದ ಬೇರುಗಳು ಮಾತ್ರ ಅವೇ. 2013ರ ಆಗಸ್ಟ್ 14ರಂದು ಮುಂಬೈ ನೌಕಾನೆಲೆಯಲ್ಲಿ ಸಿಂಧುರಕ್ಷಕ್ ಜಲಾಂತರ್ಗಾಮಿಯಲ್ಲಿ ಆಯುಧಗಳು ಸಿಡಿದು 18 ನಾವಿಕರು ಸತ್ತರು. 2014ರ ಫೆಬ್ರುವರಿಯಲ್ಲಿ ಸಿಂಧುರತ್ನದ ಬ್ಯಾಟರಿ ಕೋಣೆಯ ಬಳಿ ಹೊಗೆ ಎದ್ದಾಗ ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಮುಳುಗಿದ ನೌಕೆಯಿಂದ ಸಿಬ್ಬಂದಿಯನ್ನು ಪಾರುಮಾಡಬಲ್ಲ ರಕ್ಷಣಾ ವಾಹನ ಭಾರತಕ್ಕೆ ಬಂದದ್ದು 2018ರಲ್ಲಿ, ಅಂದರೆ ಜಲಾಂತರ್ಗಾಮಿ ದಳ ಹುಟ್ಟಿ ಐವತ್ತು ವರ್ಷಗಳಾದ ಮೇಲೆ. ಜಲಾಂತರ್ಗಾಮಿ ಕೊಳ್ಳುವಾಗ ದೇಶವೊಂದು ಆಯುಧದೊಂದಿಗೆ ರಕ್ಷಣೆಯ ಸಲಕರಣೆಯನ್ನೂ ಕೊಳ್ಳಲೇಬೇಕು ಎಂಬುದು ಥೆಟಿಸ್‌ನಿಂದ ಸಿಂಧುರತ್ನದವರೆಗಿನ ಎಲ್ಲ ದುರಂತಗಳೂ ಹೇಳುವ ಮಾತು.

ಕುರ್ಸುರಾ ಇಂದು ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ದಡದ ಮೇಲೆ ನಿಂತಿದೆ. 2002ರಿಂದ ಅದು ವಸ್ತುಸಂಗ್ರಹಾಲಯ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಳಗೇ ನಡೆದು ಹೋಗಬಹುದು. ತಲೆ ಬಗ್ಗಿಸಿ ದಾಟಬೇಕಾದ ದುಂಡನೆಯ ಬಾಗಿಲುಗಳು, ಗೋಡೆಗೆ ಅಂಟಿದ ಕಿರಿದಾದ ಮಂಚಗಳು, ಒಬ್ಬನೇ ನಿಂತು ಅಡುಗೆ ಮಾಡಬಹುದಾದ ಅಡುಗೆಮನೆ, ಕಾಲಡಿಯ ಬ್ಯಾಟರಿ ಕೋಣೆ ಎಲ್ಲ ಅಲ್ಲಿವೆ. ಆ ಕಡೆಗೆ ಹೋಗುವ ಕನ್ನಡಿಗರು ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ನೋಡಬೇಕು. ಟಾರ್ಪಿಡೊಗಳ ಮುಂದೆ ಫೋಟೊ ತೆಗೆಸಿಕೊಂಡು ಬಂದರೆ ಸಾಲದು. ಆ ಮಂಚಗಳ ಹತ್ತಿರ ಸ್ವಲ್ಪ ಹೊತ್ತು ನಿಂತು, ಎಪ್ಪತ್ತೈದು ಮಂದಿ ಅಲ್ಲಿ ವಾರಗಟ್ಟಲೆ ಹೇಗೆ ಬದುಕಿದರು ಎಂದು ಮಕ್ಕಳಿಗೆ ವಿವರಿಸಬೇಕು.